ಬೋರಲು ಹಾಕಿದ ಚಮಚ

ರೌಧಾ,

ಮಾನ್ಯ ಅಧ್ಯಕ್ಷರೇ ಅಂತ ಶುರು ಮಾಡೋಣ ಅಂದುಕೊಂಡೆ, ಪೆನ್ನು ಮುಂದೆ ಹೋಗಲಿಲ್ಲ. ಪ್ರೀತಿಯ ರೌಧಾ ಅನ್ನೋಣವೆಂದರೆ ಅದೂ ಬರಲಿಲ್ಲ. ಅದಕ್ಕೇ ಬರೀ ರೌಧಾ. ನಿನ್ನ ಅಮ್ಮ ಇಟ್ಟ ಹೆಸರು, ಅದರ ಮೇಲೆ ನನಗೇನೂ ಸಿಟ್ಟಿಲ್ಲ.

ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತರೆ ಪುರಸಭೆಯ ಮಹಡಿಯಲ್ಲಿ ನಿನ್ನ ಕಿಟಕಿ ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ. ನೀನು ಅಧ್ಯಕ್ಷೆಯಾದ ಮೇಲೂ ನಾವು ಕೂಗಿಯೇ ಮಾತಾಡಿದವರು. "ಏನೇ ಮಬ್ರೂಕಾ, ಚಹಾಕ್ಕಿಟ್ಯಾ?" ಅಂತ ನೀನು ಮೇಲಿಂದ. "ಇಳಿದು ಬಾರೇ, ಪುದೀನ ಬಾಡೋ ಮುಂಚೆ" ಅಂತ ನಾನು ಕೆಳಗಿಂದ. ಕೆಳಗೆ ಅರ್ಜಿ ಹಿಡಿದು ನಿಂತ ಗಂಡಸರು ನಮ್ಮಿಬ್ಬರ ಮುಖ ನೋಡಿ ನಗುತ್ತಿದ್ದರು. ಈಗ ಕೆಲವು ವಾರಗಳಿಂದ ಆ ಕಿಟಕಿಯ ನೀಲಿ ಬಾಗಿಲು ಮುಚ್ಚಿಯೇ ಇದೆ. ಸೆಕೆಗೆ ಮುಚ್ಚಿದ್ದೀನಿ ಅನ್ನುತ್ತೀಯೇನೋ. ಅವುಸ್ಸು ಬಂದಿದೆ ಕಣೆ, ವರ್ಷದಲ್ಲೇ ಸುಡುವ ದಿನಗಳು, ಊರಿಗೆ ಊರೇ ಕಿಟಕಿ ತೆರೆದು ಕೂತಿದೆ.

ನಿನ್ನೆ ನಿನ್ನ ಕಚೇರಿಯ ಸಾಬ್ರಿ ಅಂಗಡಿಗೆ ಬಂದಿದ್ದ. ನೀನು ಬರಲಿಲ್ಲ, ಅವನನ್ನು ಕಳಿಸಿದೆ. ಬೇಸಿಗೆ ಉತ್ಸವದ ಮೊದಲ ಸಂಜೆ ಗವರ್ನರ್ ಬರುತ್ತಾರಂತೆ, ಟ್ಯೂನಿಸ್‌ನಿಂದ ಟೀವಿಯವರೂ ಬರುತ್ತಾರಂತೆ. ನಮ್ಮೂರಿನ ಹೆಂಗಸರು ಬಿಳಿ ಹೊದಿಕೆ ಹೊದ್ದು ಹೊಸ ವೇದಿಕೆ ಹತ್ತಬೇಕಂತೆ. ಶಾಲೆಯ ಹುಡುಗಿಯರು ಎರಡೂ ಕಡೆ ನಿಂತು ಉದ್ದನೆಯ ನೀಲಿ ಬಟ್ಟೆ ಅಲ್ಲಾಡಿಸುತ್ತಾರೆ, ಅದೇ ಕಡಲು. ನಾವು ಅದರೊಳಗೆ ಮಿಂದ ಹಾಗೆ ಮಾಡಬೇಕು. ಆಮೇಲೆ ಹರಿವಾಣದ ಸುತ್ತ ಕೂತು ಕುಸ್ಕುಸ್ ತಿನ್ನಬೇಕು, ಅತಿಥಿಗಳಿಗೂ ಬಡಿಸಬೇಕು. "ಕಾಲು ಗಂಟೆ ಸಾಕು ಲೆಲ್ಲಾ ಮಬ್ರೂಕಾ, ನಮ್ಮ ಸಂಪ್ರದಾಯ ಜನ ನೋಡ್ಲಿ ಅಂತ ಅಧ್ಯಕ್ಷರ ಆಸೆ" ಅಂದ. ಆ ನೀಲಿ ಬಟ್ಟೆಗೆ ಅಂಚು ಹೊಲಿದುಕೊಡಿ ಅಂತ ನನಗೇ ಹೇಳಿದ. ಪಾಪದವನು, ಅವನಿಗೇನು ಗೊತ್ತು. ಉತ್ತರವನ್ನು ಬರೆದು ಕಳಿಸ್ತೀನಿ ಅಂದೆ. ಇದೇ ಆ ಉತ್ತರ. ಸ್ವಲ್ಪ ಉದ್ದವಾಗುತ್ತದೆ, ಕೂತು ಓದು.

ನೀನು ಎಲ್ಲಾ ಮರೆತಿದ್ದೀಯ ಅಂತ ಇಟ್ಟುಕೊಂಡೇ ಹೇಳುತ್ತೇನೆ. ಮರೆತಿಲ್ಲದಿದ್ದರೆ ನಿನ್ನನ್ನು ಏನನ್ನಬೇಕೋ ನನಗೆ ತಿಳಿಯದು.

ನಿನಗೆ ಜ್ವರ ಬಂದು ಬಲಗಾಲು ಬತ್ತಿದ ವರ್ಷ ನಮಗಿಬ್ಬರಿಗೂ ಹಲ್ಲು ಬೀಳುವ ವಯಸ್ಸು. ನಿನ್ನ ಅಮ್ಮ ಆಗ ಬಸುರಿ, ಹೊರಲಾರಳು. ನಮ್ಮಮ್ಮ ಹಲೂಮಾ ನಿನ್ನನ್ನು ಬೆನ್ನಿಗೆ ಹಾಕಿಕೊಂಡು, ಅವುಸ್ಸಿನ ಕಡಲು ಮೈಯ ನೋವು ಕಳೆಯುತ್ತದೆ ಅಂತ, ಆ ದಿನಗಳ ಪ್ರತಿ ಬೆಳಿಗ್ಗೆ ಬಂಡೆಗಳ ಸಂದಿಯಲ್ಲಿ ಹೆಂಗಸರ ಕಡಲಿಗೆ ಇಳಿಸುತ್ತಿದ್ದಳು. ಗಂಡಸರು ಕಾಲಿಡದ ಆ ಪುಟ್ಟ ಕೊಲ್ಲಿಗೆ ಬೇರೆ ಹೆಸರೇ ಇಲ್ಲ, ಹೆಂಗಸರ ಕಡಲು ಅಷ್ಟೆ. ನೀನು ಕಿರುಚಿ ಅವಳ ಭುಜ ಕಚ್ಚುತ್ತಿದ್ದೆ. ಅವಳು ನಗುತ್ತಾ "ಕಚ್ಚು ಕಚ್ಚು, ಹಲ್ಲಲ್ಲಿರೋ ಶಕ್ತಿ ಕಾಲಿಗೂ ಇಳೀಲಿ" ಅನ್ನುತ್ತಿದ್ದಳು. ನೀರಲ್ಲಿ ಒಂದು ಕೈ ನಾನು ಹಿಡಿಯುತ್ತಿದ್ದೆ, ಇನ್ನೊಂದು ಕೈ ಅವಳು. ಮೂರನೇ ಬೇಸಿಗೆಯಲ್ಲಿ ನೀನು ಬಂಡೆಯಿಂದ ಬಂಡೆಗೆ ಒಬ್ಬಳೇ ದಾಟಿದೆ. ಅವತ್ತು ಅಮ್ಮ ನಮ್ಮಿಬ್ಬರಿಗೂ ಆಲಿವ್ ಮರದ ಚಮಚ ಕೊಟ್ಟು ದೊಡ್ಡವರ ಹರಿವಾಣಕ್ಕೆ ಕೂರಿಸಿದಳು. ಚಮಚ ಸಿಕ್ಕಿದ ಹುಡುಗಿಯ ಮಾತಿಗೆ ಹೆಂಗಸರ ನಡುವೆ ಬೆಲೆ ಬಂತು ಅಂತ ಅರ್ಥ. ನೀನು ಎಷ್ಟು ಗತ್ತಿನಿಂದ ಕೂತಿದ್ದೆ ಅಂದರೆ, ಮೊದಲ ತುತ್ತು ಮೂಗಿಗೆ ಹೋಯಿತು.

ಆ ಹರಿವಾಣದಲ್ಲೇ ಅಲ್ಲವೇನೆ ನಮ್ಮೂರಿನ ಹೆಂಗಸರು ಎಲ್ಲವನ್ನೂ ತೀರ್ಮಾನ ಮಾಡುತ್ತಾ ಬಂದದ್ದು. ಯಾವ ಜಗಳಕ್ಕೆ ತೆರೆ ಎಳೆಯಬೇಕು, ಯಾರ ಮಗಳ ಮದುವೆಗೆ ಎಲ್ಲರೂ ಸೇರಿ ಕಂಬಳಿ ನೇಯಬೇಕು. ವಿಷಯ ಹೇಳಿ ಮುಗಿದ ಮೇಲೆ, ಒಪ್ಪಿದವಳು ತಿನ್ನುತ್ತಾಳೆ. ಒಪ್ಪದವಳು ಚಮಚವನ್ನು ಅಂಚಿನ ಮೇಲೆ ಬೋರಲು ಹಾಕುತ್ತಾಳೆ. ಒಂದು ಚಮಚ ಬೋರಲಿದ್ದರೂ ಮಾತು ಅಲ್ಲಿಗೇ ನಿಂತಿತು. ಎಲ್ಲರೂ ತಿಂದರೆ ಮುಗಿಯಿತು, ಅದನ್ನು ಮತ್ತೆ ಯಾರೂ ಕೆದಕುವ ಹಾಗಿಲ್ಲ. ಗಂಡಸರು ಇದನ್ನು ಗೇಲಿ ಮಾಡುತ್ತಾರೆ. ಆದರೂ ಹೆಂಗಸರು ತಿಂದಾಯಿತು ಅಂತ ಕೇಳಿದರೆ ಅವರೂ ಬಾಯಿ ಮುಚ್ಚುತ್ತಾರೆ. ನಿನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಉಪಯೋಗಕ್ಕೆ ತಂದೆ.

ಅವುಸ್ಸಿಗೆ ಇನ್ನೂ ದಿನ ಇರುವಾಗಲೇ ನೀನು ಅಂಗಡಿಗೆ ಬಂದು ಕಾಲು ಚಾಚಿ ಕೂತೆ. "ಹೆಂಗಸರ ಕಡಲಿನ ಮೇಲಿರೋ ತಡೆಗೋಡೆ ಬಿರುಕು ಬಿಟ್ಟಿದೆ ಕಣೆ, ಯಾರ ತಲೆ ಮೇಲಾದ್ರೂ ಬಿದ್ದೀತು. ಈ ಒಂದು ವರ್ಷ ಬಿಡಿ, ಸರಿ ಮಾಡಿಸಿ ಕೊಡ್ತೀನಿ. ಹರಿವಾಣ ಹಾಕಿಸು, ನಾನೂ ಬರ್ತೀನಿ" ಅಂದೆ. ನನಗೆ ಎಷ್ಟು ಸಂತೋಷವಾಯಿತು ಗೊತ್ತಾ? ಪುರಸಭೆಯ ಠರಾವು ಅಂತ ಅಂಟಿಸಿ ಕೈತೊಳೆದುಕೊಳ್ಳದೆ, ನಮ್ಮ ಪದ್ಧತಿಯಲ್ಲೇ ಕೇಳಲು ಬರುತ್ತಿದ್ದಾಳಲ್ಲ ನಮ್ಮ ಹುಡುಗಿ ಅಂತ. ಮನೆಮನೆಗೆ ಹೋಗಿ ನಾನೇ ಕರೆದೆ. ಮೀನಿನ ಕುಸ್ಕುಸ್ ನಾನೇ ಬೇಯಿಸಿದೆ. ಅಮ್ಮ ಹೋದ ಮೇಲೆ ಚಮಚಗಳ ಗಂಟು ನಮ್ಮ ಮನೆಯಲ್ಲೇ ಇದೆಯಲ್ಲ, ಅದರಿಂದ ನಿನ್ನದನ್ನು ಹುಡುಕಿ, ಎಣ್ಣೆ ಸವರಿ ಇಟ್ಟೆ.

ಎಲ್ಲರೂ ತಿನ್ನಲು ಕೂತರು. ಉಮ್ಮಿ ತುರ್ಕಿಯಾ ಮಾತ್ರ ಚಮಚ ಬೋರಲು ಹಾಕಿದಳು. ಆಲಿವ್ ತೋಟಗಳ ಆ ತುದಿಯಿಂದ ಮಂಡಿ ನೋವಿಗೆ ಅಂತಲೇ ವರ್ಷಾ ವರ್ಷಾ ಬರುವ ಮುದುಕಿ. "ಮುಂದಿನ ವರ್ಷ ಅಂತೀರಿ. ಮುಂದಿನ ವರ್ಷ ನಾನಿರ್ತೀನೋ ಇಲ್ವೋ. ನನ್ನ ಮಂಡಿ ನೋಯ್ತಿರೋದು ಈ ವರ್ಷ" ಅಂದಳು. ಮಾತು ಅಲ್ಲಿಗೇ ನಿಲ್ಲಬೇಕಿತ್ತು. ನೀನು ಎದ್ದು ಹೋಗಿ ಅವಳ ತಲೆಗೆ ಮುತ್ತಿಟ್ಟೆ. ನಿನ್ನ ಕೈಯಾರೆ ಆ ಚಮಚವನ್ನು ಮೇಲ್ಮುಖ ಮಾಡಿದೆ. "ಮುಂದಿನ ವರ್ಷ ನಾನೇ ನಿನ್ನ ಬೆನ್ನ ಮೇಲೆ ಹೊತ್ತು ಇಳಿಸ್ತೀನಿ ಉಮ್ಮಿ. ಹಲೂಮಾ ನನ್ನ ಹೊತ್ತ ಹಾಗೆ" ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. ಮುದುಕಿ ತಿಂದಳು. ನೀನೂ ತಿಂದೆ.

ಸತ್ತ ನಮ್ಮಮ್ಮನ ಹೆಸರನ್ನು ಸುಳ್ಳಿಗೆ ಸಾಕ್ಷಿ ಮಾಡಿದೆಯಲ್ಲೇ ರೌಧಾ. ಇದೊಂದನ್ನು ಎಷ್ಟು ಸಲ ನುಂಗಿದರೂ ಗಂಟಲಿಂದ ಕೆಳಗಿಳಿಯುತ್ತಿಲ್ಲ.

ಅದಾಗಿ ಒಂದು ವಾರಕ್ಕೆ ಉತ್ಸವ ಸಮಿತಿಯ ಸಭೆ. ನಾನು ಹೆಂಗಸರ ಪ್ರತಿನಿಧಿ ಅಂತ ಮೂಲೆ ಕುರ್ಚಿಯಲ್ಲಿದ್ದೆ. ಎಂದಿನ ಹಾಗೆ ಮೊದಲು ಪೋಸ್ಟರಿನ ಬಣ್ಣಕ್ಕೆ ಜಗಳ. ಆಮೇಲೆ, ಧ್ವನಿವರ್ಧಕ ಮಸೀದಿಯ ಕಡೆ ತಿರುಗಿಸಬೇಡಿ ಅಂತ ಒಬ್ಬರು. ಯಾವ ಗಾಯಕನನ್ನು ಕರೆಸಬೇಕು ಅಂತ ಮೇಷ್ಟ್ರಿಗೂ ಕಾಫಿ ಅಂಗಡಿಯ ಲಮ್ಜದ್‌ಗೂ ಮಾತಿಗೆ ಮಾತು. ಪ್ರತಿ ವರ್ಷದ ಹಾಗೆ ಶಾಲೆ ಅಂಗಳವೇ ಸಾಕು ಅಂದರು ಮೇಷ್ಟ್ರು. "ಶಾಲೆ ಅಂಗಳದಲ್ಲಿ ಹಾಡೋಕೆ ಆ ಗಾಯಕ ಏನು ಪರೀಕ್ಷೆ ಬರೆಯೋಕೆ ಬರ್ತಾನಾ?" ಅಂದ ಲಮ್ಜದ್, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಎಂಜಿನಿಯರು ಗೋಡೆಗೆ ಒಂದು ನಕ್ಷೆ ಅಂಟಿಸಿದ. ಕಡಲಿಗೆ ಮುಖ ಮಾಡಿದ ಬಯಲು ರಂಗಮಂದಿರ, ಸಾಲು ಸಾಲು ಆಸನ. ಬಂಡೆಗಳ ಆಕಾರ ನೋಡಿ ನನಗೆ ಜಾಗ ಗುರುತು ಸಿಕ್ಕಿತು. ನೀನು ಬಂಡೆಯಿಂದ ಬಂಡೆಗೆ ದಾಟಿದ್ದೆಯಲ್ಲ, ಸರಿಯಾಗಿ ಆ ಜಾಗದಲ್ಲೇ ವೇದಿಕೆ ಅಂತ ಬರೆದಿತ್ತು.

ನಾನು ನಿನ್ನ ಮುಖ ನೋಡಿದೆ. ನೀನು ಚಹಾ ಲೋಟದೊಳಗೆ ನೋಡುತ್ತಿದ್ದೆ. ಮೇಷ್ಟ್ರು ಪಾಪ ಕೇಳಿದರು, "ಅದು ಹೆಂಗಸರ ಜಾಗ ಅಲ್ವಾ?" ಅಂತ. ನೀನು ತಲೆಯೆತ್ತಿ, ಸಣ್ಣದಾಗಿ ನಕ್ಕು, "ಹೆಂಗಸರೇ ಬಿಟ್ಟುಕೊಟ್ಟಿದಾರೆ. ಹರಿವಾಣದಲ್ಲಿ ತಿಂದಾಯ್ತು. ಮಬ್ರೂಕಾನೇ ಕರೆಸಿದ್ದು, ಬೇಕಾದ್ರೆ ಕೇಳಿ" ಅಂದೆ. ಇಡೀ ಕೋಣೆ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಲಮ್ಜದ್ ಎದ್ದು ನಿಂತು, "ತ್ಯಾಗ ಅಂದ್ರೆ ಇದು ಲೆಲ್ಲಾ ಮಬ್ರೂಕಾ" ಅಂದ. ಇಲ್ಲ, ನಾವು ಒಪ್ಪಿದ್ದು ಗೋಡೆ ರಿಪೇರಿಗೆ, ಈ ಒಂದು ವರ್ಷಕ್ಕೆ ಅಂತ ನಾನು ಎದ್ದು ಹೇಳಿದೆ. ಹೇಳಿದೆ ಕಣೆ, ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಆದರೆ ತಿಂದ ಮೇಲೆ ಕೆದಕುವುದು ನಮ್ಮೂರಲ್ಲಿ ಎಂಥ ನಾಚಿಕೆಗೇಡು ಅಂತ ನಿನಗೆ ಗೊತ್ತಿತ್ತು. ಚಪ್ಪಾಳೆ ನಿಂತುಹೋಯಿತು. ಎಲ್ಲರೂ ನಾನೇ ಮಾತಿಗೆ ತಪ್ಪಿದವಳ ಹಾಗೆ ನನ್ನನ್ನು ನೋಡಿದರು.

ಮೆಟ್ಟಿಲಲ್ಲಿ ನಿನ್ನ ಕೈ ಹಿಡಿದು ನಿಲ್ಲಿಸಿದೆ. "ನೀವು ಮೀಯೋದು ವರ್ಷದಲ್ಲಿ ಕೆಲವು ದಿನ. ರಂಗಮಂದಿರ ವರ್ಷವಿಡೀ ಊರಿಗೆ ಅನ್ನ ಹಾಕುತ್ತೆ. ಹುಡುಗ್ರು ದೋಣಿ ಹತ್ತಿ ಇಟಲಿಗೆ ಓಡೋದಾದ್ರೂ ನಿಲ್ಲಬಹುದು" ಅಂದೆ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಇರಬಹುದು. ಆದರೆ ಅದನ್ನು ಹರಿವಾಣದ ಮುಂದೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ವಾದ ಮಾಡುತ್ತಿದ್ದೆವು, ಬೈದುಕೊಳ್ಳುತ್ತಿದ್ದೆವು. ಯಾರಿಗೆ ಗೊತ್ತು, ಅರ್ಧ ಜಾಗವನ್ನಾದರೂ ಬಿಟ್ಟುಕೊಡುತ್ತಿದ್ದೆವೇನೋ. ಕೇಳಿದರೆ ಬೇಡ ಅಂದುಬಿಟ್ಟಾರು ಅಂತ ಹೆದರಿ, ಕೇಳದೆಯೇ ಹೂಂ ಅನ್ನಿಸಿಕೊಂಡೆ. ಪರಕೀಯರು ಯಾರಾದರೂ ಮಾಡಿದ್ದರೆ ಜಗಳವಾಡುತ್ತಿದ್ದೆ. ನಿನ್ನ ಜೊತೆ ಹೇಗೆ ಜಗಳವಾಡಬೇಕು ಅಂತ ನನಗೆ ಅಭ್ಯಾಸವೇ ಇಲ್ಲವಲ್ಲೇ.

ಉಮ್ಮಿ ತುರ್ಕಿಯಾಗೆ ನಾನೇ ಹೋಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ರೌಧಾನೂ ತಿಂದಿದ್ಲು ತಾನೆ?" ತಿಂದಿದ್ದಳು ಅಂದೆ. "ಮತ್ತೆ ಹೇಗಾಗುತ್ತೆ? ನಿನಗೆ ಯಾರೋ ತಪ್ಪು ಹೇಳಿದಾರೆ ಬಿಡು" ಅಂದಳು. ಎಷ್ಟು ಹೇಳಿದರೂ ನಂಬಲಿಲ್ಲ. ಮೊನ್ನೆ ಅವುಸ್ಸಿನ ಮೊದಲ ಬೆಳಿಗ್ಗೆ ಬಿಳಿ ಹೊದಿಕೆ ಹೊದ್ದು, ಯಾರದೋ ಗಾಡಿ ಹತ್ತಿ ಬಂದೇಬಿಟ್ಟಳು. ಗೋಡೆ ಎಷ್ಟು ರಿಪೇರಿಯಾಗಿದೆ ನೋಡಿಕೊಂಡು, ಸಾಧ್ಯವಾದರೆ ಕಾಲನ್ನಾದರೂ ಅದ್ದಿಕೊಂಡು ಹೋಗುತ್ತೀನಿ ಅಂತ. ನಾನು ಓಡಿ ಹೋಗುವಷ್ಟರಲ್ಲಿ ಕಾಂಕ್ರೀಟಿನ ಅಂಚಲ್ಲಿ ನಿಂತು ಕೆಲಸದವನನ್ನು ಕೇಳುತ್ತಿದ್ದಳು, "ಇಳಿಯೋದು ಎಲ್ಲಿಂದಪ್ಪಾ?" ಅಂತ. "ಇಲ್ಲಿ ಇಳಿಯೋ ಹಾಗಿಲ್ಲ ಅಜ್ಜಿ, ಇನ್ನು ಹತ್ತೋದು ಮಾತ್ರ" ಅಂದ ಅವನು, ತಮಾಷೆಗೆ. ಅವಳು ಒಮ್ಮೆ ನನ್ನನ್ನು ನೋಡಿದಳು. ಬಂದ ಗಾಡಿಯನ್ನೇ ಹತ್ತಿ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನನಗೆ ನಿನ್ನ ಮೇಲೆ ಸಿಟ್ಟಿದೆ ರೌಧಾ. ಸಿಟ್ಟಿಗಿಂತ ಹೆಚ್ಚಾಗಿ, ಚಹಾ ಕಾಯಿಸುವಾಗ ಕೈ ತಾನಾಗಿಯೇ ಎರಡು ಲೋಟ ಇಡುತ್ತದಲ್ಲ, ಅದಕ್ಕೆ ನನ್ನ ಮೇಲೇ ಸಿಟ್ಟು. ಹೆಂಗಸರೂ ನನ್ನನ್ನು ಮೊದಲಿನ ಹಾಗೆ ಮಾತಾಡಿಸುತ್ತಿರಲಿಲ್ಲ. ನಿನ್ನ ಜೊತೆ ನಾನೂ ಸೇರಿದ್ದೆ ಅಂದುಕೊಂಡಿದ್ದರು. ನಿನ್ನೆ ಸಾಬ್ರಿ ಹೋದ ಮೇಲೆ ಒಬ್ಬೊಬ್ಬರ ಮನೆಗೂ ಹೋಗಿ, ನೀನು ಏನು ಕೇಳಿ ಕಳಿಸಿದ್ದೀಯ ಅಂತ ಹೇಳಿದೆ. ನೀಲಿ ಬಟ್ಟೆಯ ಮಾತು ಕೇಳಿ ಕೆಲವರು ಅತ್ತರು, ಕೆಲವರು ಬಿದ್ದು ಬಿದ್ದು ನಕ್ಕರು. ಕೊನೆಗೆ ಉಮ್ಮಿ ತುರ್ಕಿಯಾ ಹೇಳಿದ ಹಾಗೆ ಎಲ್ಲರೂ ಒಪ್ಪಿದೆವು.

ನಾವು ಬರುತ್ತೇವೆ. ನಿನ್ನ ವೇದಿಕೆ ಹತ್ತುತ್ತೇವೆ. ನೀಲಿ ಬಟ್ಟೆಗೆ ಅಂಚು ಹೊಲಿದಿದ್ದೇನೆ, ಈ ಕಾಗದದ ಜೊತೆಗೇ ಇದೆ, ಹುಡುಗಿಯರು ಅಲ್ಲಾಡಿಸಲಿ, ಅವರದೇನು ತಪ್ಪು. ನಾವು ಅದರೊಳಗೆ ಕಾಲಿಡುವುದಿಲ್ಲ. ಗವರ್ನರ್ ಎದುರು, ಟೀವಿಯವರ ದೀಪದ ಕೆಳಗೆ, ಬಿಸಿ ಕುಸ್ಕುಸ್ ತುಂಬಿದ ಹರಿವಾಣ ಇಡುತ್ತೇವೆ, ಅತಿಥಿಗಳಿಗೆ ಹೊಟ್ಟೆ ತುಂಬ ಬಡಿಸುತ್ತೇವೆ, ಮನೆಗೆ ಬಂದವರಿಗೆ ನಮ್ಮಲ್ಲಿ ಯಾವತ್ತೂ ಕಡಿಮೆ ಮಾಡಿಲ್ಲ. ನಮ್ಮ ನಮ್ಮ ಚಮಚಗಳನ್ನು ಮಾತ್ರ ಅಂಚಿನ ಮೇಲೆ ಸುತ್ತಲೂ ಬೋರಲು ಹಾಕಿ ಸುಮ್ಮನೆ ಕೂರುತ್ತೇವೆ. ಗವರ್ನರಿಗೆ ಅದು ಅಲಂಕಾರದ ಹಾಗೆ ಕಾಣಬಹುದು. ಇದೇನು ಅಂತ ಕೇಳಿದರೆ ನೀನೇ ಬಿಡಿಸಿ ಹೇಳು, ಪಕ್ಕದಲ್ಲೇ ಕೂತಿರುತ್ತೀಯಲ್ಲ.

ಉಮ್ಮಿ ತುರ್ಕಿಯಾಳನ್ನು ನಾನು ಬೆನ್ನ ಮೇಲೆ ಹೊತ್ತು ವೇದಿಕೆ ಹತ್ತಿಸುತ್ತೇನೆ. ಯಾರಾದರೂ ಹೊರಬೇಕಲ್ಲ.

ಅಮ್ಮ ಕೊಟ್ಟ ನಿನ್ನ ಚಮಚವನ್ನೂ ತರುತ್ತೇನೆ. ಹರಿವಾಣದ ಹತ್ತಿರ, ಖಾಲಿ ಬಿಟ್ಟ ಒಂದು ಜಾಗದ ಮುಂದೆ, ನೆಲದ ಮೇಲೆ ಇಟ್ಟಿರುತ್ತೇನೆ. ಅದನ್ನು ಹೇಗಿಡಬೇಕು ಅಂತ ನಾನು ಹೇಳುವುದಿಲ್ಲ. ಈ ಸಲ ಇನ್ನೊಬ್ಬರ ಚಮಚ ಮುಟ್ಟಬೇಡ, ನಿನ್ನದನ್ನು ನೀನು ಇಡು.

ನಿನ್ನ ಬಲಗಾಲು ಎಂದೂ ನೋಯದಿರಲಿ. ಇದು ನಮ್ಮಮ್ಮ ನಿನಗೆ ಕೊಟ್ಟ ಹಾರೈಕೆ, ವಾಪಸು ತೆಗೆದುಕೊಳ್ಳುವ ಅಧಿಕಾರ ನನಗಿಲ್ಲ.

ಎದುರು ಬೀದಿಯಿಂದ,
ಮಬ್ರೂಕಾ