ಎಲೀನಾಗೋಸ್ಕರ ಅರ್ಧ ದಿನ ರಜೆ

ಬುಧವಾರ, ಮಾರ್ಚ್ ೧೮

ಈ ಶುಕ್ರವಾರ ಮಧ್ಯಾಹ್ನ ಎಲೀನಾಳ ಕೊನೆಯ ಐಸ್ ಸ್ಕೇಟಿಂಗ್ ಸ್ಪರ್ಧೆ. ನನಗೋ ಆಫೀಸು. ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿತ್ತು.

ಅವಳು ಹದಿನೈದರ ಹುಡುಗಿಯಾಗಿದ್ದಾಗಿನಿಂದ ಮೊಬೈಲಿನಲ್ಲಿ ನೋಡುತ್ತಾ ಬಂದಿದ್ದೇನೆ. ಗೆದ್ದದ್ದು ಕಡಿಮೆ. ಕಾಲು ಮುರಿದಾಗ ಅವಳ ಕಥೆ ಮುಗಿಯಿತು ಎಂದರು. ಹೋದ ವರ್ಷ ಮರಳಿ ಬಂದಳು, ಬಿದ್ದಳು, ಎದ್ದು ಕೊನೆಯವರೆಗೂ ಸ್ಕೇಟ್ ಮಾಡಿದಳು. ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದ ನನ್ನನ್ನು ನೋಡಿ ಅತ್ತೆ ಗಾಬರಿಯಿಂದ, "ಯಾರಿಗೇನಾಯ್ತಮ್ಮಾ?" ಎಂದಿದ್ದರು.

"ಜ್ವರ ಅಂತ ಹೇಳ್ಬಿಡೇ" ಎಂದಳು ಇವತ್ತು ಆಫೀಸಿನಲ್ಲಿ ಪಕ್ಕದ ಸೀಟಿನ ಧನ್ಯಶ್ರೀ. ಎಲೀನಾ ವಿಷಯದಲ್ಲಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನೇರವಾಗಿ ಮ್ಯಾನೇಜರ್ ಪುರುಷೋತ್ತಮ ಅವರ ಮುಂದೆ ಹೋಗಿ ನಿಂತೆ.

"ಶುಕ್ರವಾರ ಮಧ್ಯಾಹ್ನ ರಜಾ ಬೇಕು ಸಾರ್. ಸ್ಕೇಟಿಂಗ್ ನೋಡ್ಬೇಕು."

"ಮಗಳದಾ?"

"ಇಲ್ಲ ಸಾರ್, ಫಿನ್‌ಲೆಂಡ್ ಹುಡುಗಿ. ನಾನ್ಯಾರು ಅಂತ ಅವಳಿಗೆ ಗೊತ್ತಿಲ್ಲ."

ಅವರು ನಕ್ಕುಬಿಟ್ಟರು. "ಅದಕ್ಕೆಲ್ಲ ರಜಾ ಕೊಡಕ್ಕಾಗತ್ತೇನಮ್ಮ?"

"ಕ್ರಿಕೆಟ್ ಫೈನಲ್‌ಗೆ ಆಫೀಸಿಗೇ ಟಿವಿ ತರ್ಸಿದ್ರಲ್ಲ ಸಾರ್. ಆಡೋರಿಗೆ ನೀವ್ಯಾರು ಅಂತ ಗೊತ್ತಿತ್ತಾ?"

ಇಷ್ಟು ಧೈರ್ಯ ಎಲ್ಲಿಂದ ಬಂತೋ. ನಿಂತ ಜಾಗದಿಂದ ಕದಲಲಿಲ್ಲ. ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ, "ಎಷ್ಟು ಗಂಟೆಗೆ ಅವಳ್ದು?" ಎಂದು ಕೇಳಿದರು.

ರಜೆ ಸಿಕ್ಕಿತು. ಸಂಜೆ ನಾಯಂಡಹಳ್ಳಿಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯುವವರೆಗೂ ಒಬ್ಬಳೇ ನಗುತ್ತಿದ್ದೆ.

ಅವಳು ಮತ್ತೆ ಬೀಳಬಹುದು. ಎಲ್ಲರಿಗಿಂತ ಹಿಂದೆಯೂ ಉಳಿಯಬಹುದು. ಉಳಿಯಲಿ. ಅವಳು ಐಸ್ ಮೇಲಿರುವಷ್ಟು ಹೊತ್ತು ನಾನು ಕೂತಲ್ಲಿಂದ ಏಳುವುದಿಲ್ಲ. ಯಾರು ಬಾಗಿಲು ಬಡಿದರೂ ಸರಿ, ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಸರಿ.