ಅಣ್ಣ ಕಲಿಸಿದ ಮೂರನೇ ನಂಬರ್ ವುಡ್

ಅಣ್ಣಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ವರ್ಷದ ಕಾರ್ಯ ಮುಗಿದ ದಿನ ಅತ್ತಿಗೆಯ ಬಾಯಿಂದ ಒಂದು ಮಾತು ಕೇಳಿದೆ. ಅಂದಿನಿಂದ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು ಅನ್ನಿಸುತ್ತಿದೆ. ನೀನೋ ಕೈಗೆ ಸಿಗದ ಕಡೆ ಹೋಗಿ ಕೂತಿದ್ದೀಯ.

ನಾನು ಮದುವೆಯಾಗಿ ಜಯನಗರಕ್ಕೆ ಬಂದ ಹೊಸದು ನೆನಪಿದೆಯಾ? ನಮ್ಮ ಬೀದಿಯ ಆಚೆಗೆಲ್ಲ ಬಯಲು. ಫ್ಯಾಕ್ಟರಿಯಲ್ಲಿ ಆಫೀಸರಾಗಿ, ಗಾಲ್ಫ್ ಕ್ಲಬ್ಬಿನ ಮೆಂಬರೂ ಆಗಿದ್ದ ನೀನು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ನನ್ನನ್ನು ಯಡಿಯೂರು ಕೆರೆಯ ಪಕ್ಕದ ಹುಲ್ಲಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ಹೊಡೆತಕ್ಕೆ ಚೆಂಡಿನ ಕೆಳಗೆ ಟೀ ಅನ್ನೋ ಪುಟ್ಟ ಗೂಟ ಇಡಬಹುದು, ಎರಡನೆಯದಕ್ಕೆ ಆ ಆಸರೆಯಿಲ್ಲ, ಬಿದ್ದಲ್ಲಿಂದಲೇ ದೂರ ಹೊಡೆಯಬೇಕು ಎಂದು ಹೇಳಿ, ಮರದ ತಲೆಯ ಆ ಉದ್ದನೆಯ ಕೋಲು, ಮೂರನೇ ನಂಬರ್ ವುಡ್, ನನ್ನ ಕೈಗಿಟ್ಟೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೆಂಡನ್ನು ಮೇಲಕ್ಕೆತ್ತಬೇಕೆಂದು ಹಿಂದಕ್ಕೆ ವಾಲಿ ಹೊಡೆಯುತ್ತಿದ್ದೆ. ಏಟು ಚೆಂಡಿನ ನೆತ್ತಿಗೆ ತಾಗಿ ಅದು ನೆಲದಲ್ಲೇ ತೆವಳುತ್ತಿತ್ತು.

“ನೀನು ಎತ್ತೋಕೆ ಹೋಗ್ಬೇಡ ಸರೋಜಿ. ಅದರ ಮುಖ ಓರೆಯಾಗಿದೆ ನೋಡು, ಅದೇ ಎತ್ತುತ್ತೆ. ನೀನು ಹುಲ್ಲು ಗುಡಿಸ್ಕೊಂಡು ಹೋಗು, ಸಾಕು,” ಅಂದಿದ್ದೆ.

ಚೆಂಡು ಎಡಗಾಲಿನ ಕಡೆಗೆ ತುಸು ಮುಂದಿರಲಿ, ಅವಸರ ಮಾಡಬೇಡ, ಹುಲ್ಲು ಉದ್ದ ಬೆಳೆದಿದ್ದರೆ ವುಡ್ ಬಿಟ್ಟು ಕಬ್ಬಿಣದ ತಲೆಯ ಐರನ್ ತಗೋ. ಎಲ್ಲ ನೀನೇ ಹೇಳಿಕೊಟ್ಟಿದ್ದು. ಚೆಂಡು ಮೊದಲ ಸಲ ಎದ್ದು ಹಾರಿದ ದಿನ ನನಗಿಂತ ಹೆಚ್ಚು ಕುಣಿದವನೂ ನೀನೇ. ಅದಕ್ಕೇ ನನಗೆ ಇಷ್ಟು...

ಕ್ಲಬ್ಬಿನ ಜೋಡಿ ಪಂದ್ಯಕ್ಕೆ ನೀನೇ ನನ್ನ ಹೆಸರು ಕೊಟ್ಟೆ. ಗಂಡಸು, ಹೆಂಗಸು ಒಂದೇ ಚೆಂಡನ್ನು ಸರದಿಯಂತೆ ಹೊಡೆಯುವ ಆಟ. ನೀನು ಶುರು ಮಾಡಿದ ಕಡೆಯೆಲ್ಲ ಎರಡನೇ ಹೊಡೆತ ನನ್ನದು. ವುಡ್ ನನ್ನ ಕೈ ಬಿಡಲಿಲ್ಲ, ನಾವು ಫೈನಲ್ ತಲುಪಿದೆವು. ಆ ವಾರ ನೀನು ಮನೆಗೆ ಬಂದು, ಫೈನಲ್ಲಿನಲ್ಲಿ ಮೆಂಬರುಗಳ ತಂಗಿಯರಿಗೆ ಅವಕಾಶವಿಲ್ಲವಂತೆ ಅಂದೆ. ವುಡ್ಡಿನ ಕುತ್ತಿಗೆಗೆ ಸುತ್ತಿದ ದಾರ ಸಡಿಲವಾಗಿದೆ, ಸರಿಮಾಡಿಸಿ ಕೊಡುತ್ತೇನೆ ಎಂದು ಅದನ್ನೂ ತೆಗೆದುಕೊಂಡು ಹೋದೆ. ನಾನು ನಂಬಿದೆ. ನಿನ್ನನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು? ವಾಪಸ್ ತಂದಾಗ ಅದರ ಮೇಲೆ ಹೊಸ ಗೀರುಗಳಿದ್ದವು. ಕೇಳಿದರೆ ಸ್ಕೂಟರ್ ಹತ್ತಿ ಹೊರಟುಬಿಟ್ಟೆ. ಆಮೇಲೆ ಭಾನುವಾರಗಳೂ ನಿಂತುಹೋದವು.

ಕಾರ್ಯದ ದಿನ ಎಲೆ ಎತ್ತಿದ ಮೇಲೆ ಅತ್ತಿಗೆ ಸಹಜವಾಗಿ ಕೇಳಿದರು: “ನೀನು ಫೈನಲ್‌ವರೆಗೂ ಹೋಗಿದ್ದೆ. ನಿಮ್ಮನೆಯವ್ರು ಯಾಕೆ ಬೇಡ ಅಂದ್ರು ಸರೋಜಾ?”

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಕೇಳಿದಾಗ ಹೇಳಿದರು. ಫೈನಲ್ಲಿನ ದಿನ ನೀನು ಆಡಿದ್ದು ನಿನ್ನ ದೊಡ್ಡ ಸಾಹೇಬರ ಹೆಂಡತಿಯ ಜೊತೆ. ಅವರ ಕೈಯಲ್ಲಿದ್ದದ್ದು ನನ್ನ ವುಡ್. ಕ್ಲಬ್ಬಿಗೂ ನಮ್ಮ ನೆಂಟರಿಗೂ ನೀನು ಹೇಳಿದ್ದು, ಹೆಂಡತಿ ಆಡುವುದು ನನ್ನ ಗಂಡನಿಗೆ ಇಷ್ಟವಿಲ್ಲ ಎಂದು. ಪಂದ್ಯ ಸೋತೆಯಂತೆ. ಪ್ರಮೋಷನ್ ಮಾತ್ರ ಬಂತು.

ಇವರು ಭಾನುವಾರಗಳಂದು ತಾವೇ ಉಪ್ಪಿಟ್ಟು ಕೆದಕಿ, ಬೇಗ ಹೊರಡು, ಬಿಸಿಲೇರುತ್ತೆ ಎಂದು ನನ್ನನ್ನು ಕಳಿಸುತ್ತಿದ್ದವರು. ಕಾರ್ಯದ ದಿನ ಸಂಜೆ ಇವರಿಗೆ ಎಲ್ಲವನ್ನೂ ಹೇಳಿದೆ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

“ಅದಕ್ಕೇನಾ ನಿಮ್ಮ ಕಡೆಯೋರು ಮದುವೆ ಮುಂಜೀಲೆಲ್ಲ ನನ್ನ ಹಾಗೆ ನೋಡ್ತಿದ್ದಿದ್ದು?”

ಅಷ್ಟೇ ಕೇಳಿದ್ದು. ಸಾಹೇಬರ ಹೆಂಡತಿಗೆ ನನ್ನ ಜಾಗ ಬೇಕು ಎಂದು ನೀನು ಹೇಳಿದ್ದರೆ, ಎರಡು ದಿನ ಮುನಿಸಿಕೊಂಡು ಬಿಟ್ಟುಕೊಡುತ್ತಿದ್ದೆ. ಆದರೆ ಈ ಮನುಷ್ಯನ ಹೆಸರನ್ನು ಯಾಕೆ ಎಳೆದೆ ಅಣ್ಣ? ಇದೊಂದನ್ನು ನಾನು ಕ್ಷಮಿಸಲಾರೆ.

ಇನ್ನೊಂದು ಸುದ್ದಿ ಇದೆ. ಬಿಸಿಲು ಆಗಿಬರುವುದಿಲ್ಲ ಎಂದು ನೀನು ಎಂದೂ ಆಡಲು ಬಿಡದ ಅತ್ತಿಗೆ ಈಗ ಶನಿವಾರ ನನ್ನ ಜೊತೆ ಬರುತ್ತಾರೆ. ಯಡಿಯೂರಿನ ಕಡೆ ಮನೆಗಳೆದ್ದಿವೆ, ನಾವು ಸಾರಕ್ಕಿಯ ಹತ್ತಿರ ಹೋಗುತ್ತೇವೆ. ಅವರ ಹೊಡೆತ ದೂರ ಹೋಗುವುದಿಲ್ಲ, ನೇರ ಹೋಗುತ್ತದೆ. ಮೊನ್ನೆ ಕ್ಲಬ್ಬಿನಲ್ಲಿ ಹೆಂಗಸರ ಜೋಡಿ ಪಂದ್ಯಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಗುಮಾಸ್ತ ಅತ್ತಿಗೆಯ ಬರಿಯ ಹಣೆ ನೋಡಿ, ಮನೆಯಲ್ಲಿ ಯಾರನ್ನಾದರೂ ಕೇಳಿದ್ದೀರಾ ಎಂದ.

ಅತ್ತಿಗೆ ನಕ್ಕರು. “ಕೇಳ್ಬೇಕಾದೋರು ಯಾರೂ ಇಲ್ಲ. ಬರ್ಕೊಳಿ.”

ಸರೋಜ