ಬಚ್ಚಲಕ್ಕ ಮುತ್ತಿದ ಇರುವಿ

ಘೋಡಗೇರಿ
೧೨-೮-೧೯೬೬

ಗೋಕಾಕದಾಗ ಇರುವ ನನ್ನ ಯಜಮಾನರೂ ಸೋದರಮಾವನೂ ಆದ ನಿಮಗೆ ಶಿವವ್ವನ ಶರಣು.

ಈ ಕಾಗದ ಬ್ಯಾರೇದವರ ಕಡಿಂದ ಓದಿಸಬ್ಯಾಡ್ರಿ.

ಮೂರನೇ ಕೂಸೂ ಸತ್ತು ಹುಟ್ಟಿತಲ್ಲ, ಇನ್ನೊಮ್ಮೆ ಬಸರಾದರ ನಾನೂ ಉಳಿಯೂದಿಲ್ಲಂತ ಡಾಕ್ಟರಬಾಯಿ ಹೇಳ್ಯಾರ. ಸಕ್ಕರಿ ಬ್ಯಾನಿ ಇದ್ದಾಕಿಗೆ ಬಸರಾಗದಂಗ ಆಪರೇಶನ್ ಮಾಡಿದರ ಗಾಯ ಮಾಯೂದಿಲ್ಲ, ಲೂಪ್ ಹಾಕಿದರ ಒಳಗ ಕೀವಾದೀತು ಅಂತಾರ. ಗಂಡಸರದು ಸಣ್ಣ ಆಪರೇಶನ್, ಅವತ್ತೇ ಮನಿಗೆ ಬರಬಹುದಂತ. ನೀವು ಮಾಡಿಸಿಕೊಳ್ರಿ. ಸಿಟ್ಟಾಗಬ್ಯಾಡ್ರಿ.

ಅವ್ವಗ ಹೇಳಿದರ ಮೈಮ್ಯಾಲ ಬಂದಳು. "ನನ್ನ ತಮ್ಮನ ವಂಶಾ ಕಡಿತೀಯೇನ? ಬಾಳವ್ವ ಮೈನೆರೆದಾಳ, ನಿನ್ನ ತಂಗೀನೂ ಅವಗೇ ಕೊಡತೇನಿ" ಅಂದಳು.

ಆದರ ಒಂದು ಹೆದರಿಕಿ ಐತಿ. ನನ್ನ ಬ್ಯಾನಿ ಮೊದಲ ಗೊತ್ತಾದದ್ದು ನಾ ಉಚ್ಚಿ ಹೊಯ್ದ ಬಚ್ಚಲಕ್ಕ ಇರುವಿ ಮುತ್ತಿದಾಗ. ಈಗ ಮತ್ತ ಮುತ್ಯಾವ. ಬಾಣಂತಿ ಅಂತ ನನಗ ಹಿತ್ತಲದಾಗ ತಟ್ಟಿ ಕಟ್ಟಿ ಬ್ಯಾರೆ ಬಚ್ಚಲ ಮಾಡ್ಯಾರ, ಮನಿ ಒಳಗಿನ ಬಚ್ಚಲ ನಾ ಬಳಸೂದಿಲ್ಲ. ಬಳಸಾಕಿ ಬಾಳವ್ವ. ಕೊಡಗಟ್ಟಲೆ ನೀರು ಕುಡ್ಯಾಕತ್ತಾಳ. ಅವ್ವ ಏಳೂದರಾಗ ನಾನೇ ಇರುವಿ ತೊಳಿತೇನಿ. ಇನ್ನೂ ಯಾರಿಗೂ ಹೇಳಿಲ್ಲ.

ಆಪರೇಶನ್ ಆದ ಮ್ಯಾಲೆ ಕರಿಯಾಕ ಬರ್ರಿ. ಪ್ರತಿ ಸಲದಂಗ ಬಾಳವ್ವಗ ಕರದಂಟು ಮಾತ್ರ ತರಬ್ಯಾಡ್ರಿ.

ನಿಮ್ಮ
ಶಿವವ್ವ